ಓದುಗರ ಪ್ರಶ್ನೆ, ವೈದ್ಯರ ಉತ್ತರ: ಡೌನ್ ಸಿಂಡ್ರೋಮ್ ಇರುವ ಮಗುವಿನ ಹೃದಯದಲ್ಲಿ ರಂಧ್ರ ಹೇಗೆ ಉಳಿಯುತ್ತದೆ?

ಕಳೆದ ಸಂಚಿಕೆಯಲ್ಲಿ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮಾತು ಮತ್ತು ನಡಿಗೆಯ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಾತು, ನಡಿಗೆ ಎರಡನ್ನೂ ಬಿಟ್ಟು ಹೃದಯದ ಬಗ್ಗೆ ಕೇಳಿವೆ. ಆದ್ದರಿಂದ ಈ ಬಾರಿಯ ಪುಟವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟದ ಮನೆ. ನನಗೆ 27 ವರ್ಷ. ಎರಡನೆಯ ಮಗುವಿಗೆ ಈಗ ಎರಡು ತಿಂಗಳು. ರಕ್ತಪರೀಕ್ಷೆಯಲ್ಲಿ ಡೌನ್ ಸಿಂಡ್ರೋಮ್ ಎಂದು ಬಂದಿದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿದವರು 'ಕಂಪ್ಲೀಟ್ ಎವಿ ಕೆನಾಲ್' ಎಂದು ಬರೆದುಕೊಟ್ಟು, ಹೃದಯದಲ್ಲಿ ದೊಡ್ಡ ರಂಧ್ರವಿದೆ, ಆಪರೇಷನ್ ಆಗಬೇಕು ಎಂದರು. ನಾಲ್ಕು ತಿಂಗಳ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ನಾನು ಅಂಗಳಕ್ಕೆ ಇಳಿದಿದ್ದೇ ಕಾರಣ ಎಂದು ಅತ್ತೆ ಹೇಳುತ್ತಾರೆ. ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಆಳುಗಳಿಗೆ ಕಾಫಿ ತೆಗೆದುಕೊಂಡು ಹೋಗಿದ್ದೆ, ಅದರಿಂದಲೇ ಆಯಿತೇನೋ ಎಂದು ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಮಗುವಿನ ಹೃದಯ ಕೆಟ್ಟಿದ್ದು ನನ್ನಿಂದಲೇ?

ಉತ್ತರ: ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ: ಅಲ್ಲ, ನಿಮ್ಮಿಂದಲ್ಲ. ನಿಮ್ಮನ್ನು ಸಮಾಧಾನಪಡಿಸಬೇಕೆಂದು ಈ ಮಾತು ಹೇಳುತ್ತಿಲ್ಲ. ದಿನ ಎಣಿಸಿ ತೋರಿಸಬಹುದಾದ ಸಂಗತಿ ಇದು. ಈ ಪುಟವನ್ನು ನಿಮ್ಮ ಅತ್ತೆಯವರಿಗೂ ದಯವಿಟ್ಟು ಓದಿ ಹೇಳಿ.

ಹೃದಯ ರೂಪುಗೊಳ್ಳುವುದು ನಾವು ಊಹಿಸುವುದಕ್ಕಿಂತ ಬಹಳ ಮುಂಚೆ. ಗರ್ಭ ಕಟ್ಟಿದ ಸುಮಾರು 22ನೆಯ ದಿನಕ್ಕೆ, ಅಂದರೆ ಮುಟ್ಟು ತಪ್ಪಿ ಒಂದು ವಾರವಾಗಿ, ಮನೆಯಲ್ಲಿ ಯಾರಿಗೂ ಸುದ್ದಿಯೇ ಗೊತ್ತಿಲ್ಲದ ಹೊತ್ತಿಗೆ, ಭ್ರೂಣದ ಹೃದಯ ಮಿಡಿಯಲು ತೊಡಗಿರುತ್ತದೆ. ಆಗ ಅದಕ್ಕೆ ಕೋಣೆಗಳೂ ಇಲ್ಲ, ಕವಾಟಗಳೂ ಇಲ್ಲ. ಅದೊಂದು ಸಣ್ಣ ಕೊಳವೆ. ಹೊರಗೆ ಸ್ನಾಯುವಿನ ಪದರ, ಒಳಗೆ ತೆಳುವಾದ ಪೊರೆ, ಎರಡರ ನಡುವೆ ಲೋಳೆಯಂತಹ ಪದಾರ್ಥ, ಇಷ್ಟೇ. ಮುಂದಿನ ದಿನಗಳಲ್ಲಿ ಈ ಕೊಳವೆ ಬಾಗಿ ಮಡಚಿಕೊಳ್ಳುತ್ತದೆ. ಮುಂದೆ ಹೃತ್ಕರ್ಣಗಳಾಗಬೇಕಾದ ಮೇಲಿನ ಭಾಗಕ್ಕೂ ಹೃತ್ಕುಕ್ಷಿಗಳಾಗಬೇಕಾದ ಕೆಳಗಿನ ಭಾಗಕ್ಕೂ ನಡುವೆ ಇರುವ ಕಿರಿದಾದ ದಾರಿಯಲ್ಲಿ ಆ ಲೋಳೆ ಎರಡು ಕಡೆಯಿಂದ ಉಬ್ಬಿ ಬರುತ್ತದೆ. ಒಳಪೊರೆಯ ಕೆಲವು ಜೀವಕೋಶಗಳು ತಮ್ಮ ಸಾಲನ್ನು ಬಿಟ್ಟು, ರೂಪ ಬದಲಿಸಿಕೊಂಡು, ಲೋಳೆಯೊಳಗೆ ಇಳಿದು, ಅದನ್ನು ಗಟ್ಟಿ ಅಂಗಾಂಶವನ್ನಾಗಿ ಮಾಡುತ್ತವೆ. ಈ ಉಬ್ಬುಗಳಿಗೆ ವೈದ್ಯಕೀಯದಲ್ಲಿ ಎಂಡೋಕಾರ್ಡಿಯಲ್ ಕುಶನ್ ಎಂದು ಹೆಸರು. ಇಲ್ಲಿ ನಾವು ಮೆತ್ತೆ ಎನ್ನೋಣ.

ಎರಡು ಮೆತ್ತೆಗಳು ಎದುರುಬದುರಾಗಿ ಬೆಳೆದು ನಡುವೆ ಕೂಡಿಕೊಂಡಾಗ ಒಂದೇ ಆಗಿದ್ದ ದಾರಿ ಬಲ, ಎಡ ಎಂದು ಎರಡಾಗುತ್ತದೆ. ಅದೇ ಸಮಯದಲ್ಲಿ ಹೃತ್ಕರ್ಣಗಳ ನಡುವಿನ ಗೋಡೆ ಮೇಲಿನಿಂದ ಇಳಿದು ಬರುತ್ತದೆ, ಹೃತ್ಕುಕ್ಷಿಗಳ ನಡುವಿನ ಗೋಡೆ ಕೆಳಗಿನಿಂದ ಏರಿ ಬರುತ್ತದೆ, ಹೃದಯದ ಹಿಂಬದಿಯಿಂದ ಇನ್ನೊಂದು ಅಂಗಾಂಶ ಬೆರಳಿನಂತೆ ಒಳಕ್ಕೆ ಚಾಚಿ ಬರುತ್ತದೆ. ಇವೆಲ್ಲವೂ ಒಂದೇ ಜಾಗಕ್ಕೆ ಬಂದು ಸೇರಬೇಕು. ಗರ್ಭ ಕಟ್ಟಿದ ಎಂಟನೆಯ ವಾರ ಮುಗಿಯುವುದರೊಳಗೆ ಈ ಕೆಲಸ ಮುಗಿದಿರುತ್ತದೆ.

ನಮ್ಮ ಕಡೆಯ ಒಂದು ಹಳೆಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕು ಕೋಣೆಗಳ ಗೋಡೆಗಳು ನಡುವೆ ಒಂದು ಕಂಬಕ್ಕೆ ಬಂದು ಕೂಡುತ್ತವೆ, ಆ ಕಂಬದ ಎರಡು ಪಕ್ಕಕ್ಕೆ ಎರಡು ಬಾಗಿಲುಗಳನ್ನು ಹೂಡಿದ್ದಾರೆ ಎಂದುಕೊಳ್ಳೋಣ. ಕಂಬವೇ ನಿಲ್ಲದೆ ಹೋದರೆ ಮೇಲಿನ ಗೋಡೆಯ ತುದಿ ಆನಿಕೆಯಿಲ್ಲದೆ ಉಳಿಯುತ್ತದೆ, ಕೆಳಗಿನ ಗೋಡೆಯ ತುದಿಯೂ ಹಾಗೆಯೇ ಉಳಿಯುತ್ತದೆ, ಎರಡು ಬಾಗಿಲುಗಳ ಜಾಗದಲ್ಲಿ ಒಂದೇ ಅಗಲವಾದ ಬಾಗಿಲು ತೂಗುತ್ತದೆ. ನಿಮ್ಮ ಮಗುವಿನ ಎಕೋ ವರದಿಯಲ್ಲಿರುವ 'ಕಂಪ್ಲೀಟ್ ಎವಿ ಕೆನಾಲ್' ಎಂದರೆ ಇದೇ. ರಂಧ್ರ ಎಂಬ ಮಾತು ರೂಢಿಯಲ್ಲಿದ್ದರೂ ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಆ ಮಾತು ಕೇಳಿದರೆ ಸರಿಯಿದ್ದ ಗೋಡೆಯನ್ನು ಯಾರೋ ಕೊರೆದರು ಎಂಬ ಭಾವನೆ ಬರುತ್ತದೆ, ಆಮೇಲೆ ಕೊರೆದವರು ಯಾರು ಎಂಬ ಹುಡುಕಾಟ ಶುರುವಾಗುತ್ತದೆ. ನಿಮ್ಮ ಮಗುವಿನ ಹೃದಯದಲ್ಲಿ ಆ ಜಾಗ ಮುಚ್ಚಿಕೊಳ್ಳುವ ಕೆಲಸವೇ ಪೂರ್ತಿಯಾಗಿಲ್ಲ. ಡೌನ್ ಸಿಂಡ್ರೋಮ್ ಇದ್ದ ಭ್ರೂಣಗಳ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದವರು ಹಿಂಬದಿಯಿಂದ ಚಾಚಿ ಬರಬೇಕಾದ ಆ ಬೆರಳು ಗಿಡ್ಡವಾಗಿ ಉಳಿದಿರುವುದನ್ನು ಕಂಡಿದ್ದಾರೆ.

ಈಗ ದಿನ ಎಣಿಸೋಣ. ವೈದ್ಯರು ಬಸಿರಿನ ವಾರಗಳನ್ನು ಕೊನೆಯ ಮುಟ್ಟಿನಿಂದ ಲೆಕ್ಕ ಹಾಕುವುದರಿಂದ ಎಂಟನೆಯ ವಾರವೆಂದರೆ ನಿಮ್ಮ ತಾಯಿ ಕಾರ್ಡಿನಲ್ಲಿ ಹತ್ತನೆಯ ವಾರ. ನೀವು ಗ್ರಹಣದ ದಿನ ಅಂಗಳಕ್ಕೆ ಇಳಿದದ್ದು ನಾಲ್ಕನೆಯ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಮಗುವಿನ ಹೃದಯದ ಗೋಡೆಗಳ ಕೆಲಸ ಮುಗಿದು ಒಂದು ತಿಂಗಳಾದರೂ ಆಗಿತ್ತು. ಬೋರ್ಡೋ ಮದ್ದಿನ ಮಾತೂ ಅಷ್ಟೇ. ಡೌನ್ ಸಿಂಡ್ರೋಮ್‌ಗೆ ಕಾರಣ ಜೀವಕೋಶಗಳಲ್ಲಿ ಒಂದು ವರ್ಣತಂತು (ಕ್ರೋಮೋಸೋಮ್, ವಂಶವಾಹಿಗಳನ್ನು ಹೊತ್ತ ಎಳೆ) ಹೆಚ್ಚಾಗಿರುವುದು. ಬಸುರಿಯರು ಮದ್ದು ಹೊಡೆಯುವ ಕಡೆ ಹೋಗದಿರುವುದು ಒಳ್ಳೆಯದೇ, ಆದರೆ ಗರ್ಭ ನಿಂತ ಮೇಲೆ ಮೈಗೆ ತಾಗಿದ ಮದ್ದು ಮಗುವಿನ ಪ್ರತಿಯೊಂದು ಜೀವಕೋಶಕ್ಕೂ ಒಂದೊಂದು ವರ್ಣತಂತುವನ್ನು ಹೆಚ್ಚುವರಿಯಾಗಿ ಸೇರಿಸಲಾರದು.

ಆ ಹೆಚ್ಚುವರಿ ವರ್ಣತಂತು ಬರುವುದು ಅದಕ್ಕೂ ಮುಂಚೆ, ಹೆಚ್ಚಾಗಿ ಗರ್ಭ ಕಟ್ಟುವ ಮೊದಲೇ. ಹೆಣ್ಣುಮಗುವಿನ ಅಂಡಾಣುಗಳು ಅವಳು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಂಡು, ವಿಭಜನೆಯನ್ನು ಅರ್ಧಕ್ಕೆ ನಿಲ್ಲಿಸಿ, ಹಲವು ವರ್ಷ ಕಾಯುತ್ತವೆ. ಆ ವಿಭಜನೆ ಮುಂದುವರಿದಾಗ 21ನೆಯ ಜೋಡಿಯ ಎರಡೂ ವರ್ಣತಂತುಗಳು ಬೇರೆಯಾಗದೆ ಒಂದೇ ಅಂಡಾಣುವಿನಲ್ಲಿ ಉಳಿದರೆ, ಮಗುವಿಗೆ ಎರಡರ ಬದಲು ಮೂರು ಬರುತ್ತವೆ. ಹತ್ತರಲ್ಲಿ ಸುಮಾರು ಒಂಬತ್ತು ಸಲ ಇದು ಅಂಡಾಣುವಿನಲ್ಲಿ ಆಗುತ್ತದೆ, ಉಳಿದ ಸಲ ವೀರ್ಯಾಣುವಿನಲ್ಲಿ ಅಥವಾ ಗರ್ಭ ಕಟ್ಟಿದ ಕೂಡಲೇ ನಡೆಯುವ ವಿಭಜನೆಯಲ್ಲಿ ಆಗುತ್ತದೆ. ಅಂಡಾಣುವಿನಲ್ಲಿ ಆಯಿತು ಎಂದ ಮಾತ್ರಕ್ಕೆ ಅದು ತಾಯಿಯ ತಪ್ಪಾಗುವುದಿಲ್ಲ. ಯಾವ ಊಟವೂ, ಯಾವ ವ್ರತವೂ, ಯಾವ ಎಚ್ಚರಿಕೆಯೂ ಆ ವಿಭಜನೆಯನ್ನು ತಿದ್ದಲಾರದು. ತಾಯಿಯ ವಯಸ್ಸು ಏರಿದಂತೆ ಈ ಸಂಭವ ಹೆಚ್ಚುತ್ತದೆ, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಆದರೂ ಹೆರಿಗೆಗಳಲ್ಲಿ ಹೆಚ್ಚಿನವು ಚಿಕ್ಕ ವಯಸ್ಸಿನ ತಾಯಂದಿರದೇ ಆದ್ದರಿಂದ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿಯೂ ಬಹುಪಾಲು ಮಕ್ಕಳು ನಿಮ್ಮ ವಯಸ್ಸಿನ ತಾಯಂದಿರಿಗೇ ಹುಟ್ಟುತ್ತವೆ.

ಆಪರೇಷನ್ ಬಗ್ಗೆ ಹೆದರಬೇಡಿ, ಮುಂದಕ್ಕೂ ಹಾಕಬೇಡಿ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಒಳಗೆ ಇದನ್ನು ಮಾಡುತ್ತಾರೆ. ತೆರೆದಿರುವ ಜಾಗವನ್ನು ತೇಪೆ ಹಾಕಿ ಮುಚ್ಚಿ, ಒಂದೇ ಆಗಿರುವ ಕವಾಟವನ್ನು ಎರಡಾಗಿ ವಿಂಗಡಿಸಿ ಹೊಲಿಯುತ್ತಾರೆ. ಅಮೆರಿಕದ ಮಿನೆಸೋಟದಲ್ಲಿ ವಾಲ್ಟನ್ ಲಿಲ್ಲೆಹೈ ಅವರು 1954ರಲ್ಲಿ ಮೊದಲ ಬಾರಿಗೆ ಈ ದೋಷವನ್ನು ಸರಿಪಡಿಸಿದಾಗ ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರದ ಬದಲು ಇನ್ನೊಬ್ಬ ಮನುಷ್ಯನ ರಕ್ತಪರಿಚಲನೆಗೆ ಮಗುವನ್ನು ಜೋಡಿಸಿದ್ದರು. ಈಗ ಇದು ಮಕ್ಕಳ ಹೃದಯ ಶಸ್ತ್ರಚಿಕಿತ್ಸಕರಿಗೆ ಚೆನ್ನಾಗಿ ಪಳಗಿದ ಕೆಲಸ. ಡೌನ್ ಸಿಂಡ್ರೋಮ್ ಇದೆ ಎಂಬ ಕಾರಣಕ್ಕೆ ಈ ಆಪರೇಷನ್ನಿನ ಫಲಿತಾಂಶ ಬೇರೆ ಮಕ್ಕಳಿಗಿಂತ ಕಳಪೆಯಾಗುವುದಿಲ್ಲ. 'ಇಂತಹ ಮಗುವಿಗೆ ಏಕೆ ಅಷ್ಟು ಖರ್ಚು' ಎಂದು ಯಾರಾದರೂ ನಿಮ್ಮೆದುರು ಹೇಳಿದರೆ ಆ ಮಾತಿಗೆ ಕಿವಿಗೊಡಬೇಡಿ.

ಪ್ರಶ್ನೆ: ನಾನು ಸಾಗರದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ನನ್ನ ತಮ್ಮನಿಗೆ ಡೌನ್ ಸಿಂಡ್ರೋಮ್ ಇದೆ, ಅವನ ಹೃದಯದಲ್ಲಿ ಯಾವ ತೊಂದರೆಯೂ ಇಲ್ಲ. ಎಲ್ಲರಲ್ಲಿಯೂ ಇರುವುದು ಅದೇ ಹೆಚ್ಚುವರಿ ವರ್ಣತಂತು ಎಂದಾದರೆ ಕೆಲವರಿಗೆ ಮಾತ್ರ ಹೃದಯದೋಷ ಏಕೆ? ಯಾವ ವಂಶವಾಹಿ ಇದಕ್ಕೆ ಕಾರಣ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಈ ವಿಷಯದಲ್ಲಿ ಕೆಲಸ ಮಾಡುವ ವಿಜ್ಞಾನಿಗಳು ಕೇಳುತ್ತ ಬಂದಿರುವುದೂ ಇದನ್ನೇ.

ಬ್ರಿಟನ್ನಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಅವರು 1866ರಲ್ಲಿ ಈ ಮಕ್ಕಳ ಲಕ್ಷಣಗಳನ್ನು ವಿವರಿಸಿದರು. ಹೆಚ್ಚುವರಿ ವರ್ಣತಂತುವೇ ಇದಕ್ಕೆ ಕಾರಣವೆಂದು 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ ಮತ್ತು ರೇಮಂ ತುರ್ಪ್ಯಾಂ ಪ್ರಕಟಿಸಿದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಶೇಕಡ 40ರಿಂದ 50ರಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದೋಷವಿರುತ್ತದೆ. ಡೌನ್ ಸಿಂಡ್ರೋಮ್ ಇಲ್ಲದ ಮಕ್ಕಳಲ್ಲಿ ಇದು ನೂರಕ್ಕೆ ಒಂದರ ಸುಮಾರು. ಹಾಗಾದರೆ ನಿಮ್ಮ ತಮ್ಮನಂತೆ ಅರ್ಧಕ್ಕೂ ಹೆಚ್ಚು ಮಕ್ಕಳ ಹೃದಯ ಮೂರು ಪ್ರತಿಗಳಿದ್ದರೂ ಸರಿಯಾಗಿಯೇ ಕಟ್ಟಿಕೊಳ್ಳುತ್ತದೆ. ಮೂರನೆಯ ಪ್ರತಿ ಅಪಾಯವನ್ನು ಬಹಳ ಹೆಚ್ಚಿಸುತ್ತದೆಯಾದರೂ ಅದೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ.

21ನೆಯ ವರ್ಣತಂತು ಮನುಷ್ಯನ ವರ್ಣತಂತುಗಳಲ್ಲೇ ಅತಿ ಚಿಕ್ಕದು. ಅದರ ಪೂರ್ಣ ಅನುಕ್ರಮ 2000ದಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ರೋಟೀನು ತಯಾರಿಸುವ ವಂಶವಾಹಿಗಳು 200ಕ್ಕಿಂತ ಸ್ವಲ್ಪ ಹೆಚ್ಚು. ಈ ವಂಶವಾಹಿಗಳು ಕೆಟ್ಟಿರುವುದಿಲ್ಲ ಎಂಬುದನ್ನು ನೀವು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪ್ರತಿಯೊಂದೂ ಸರಿಯಾಗಿಯೇ ಕೆಲಸ ಮಾಡುತ್ತದೆ, ಆದರೆ ಎರಡರ ಬದಲು ಮೂರು ಇರುವುದರಿಂದ ಅವುಗಳ ಉತ್ಪನ್ನ ಸುಮಾರು ಒಂದೂವರೆ ಪಟ್ಟಾಗುತ್ತದೆ. ಸಾರಿಗೆ ಉಪ್ಪು ಬೇಕು, ಆ ಉಪ್ಪಿನಲ್ಲಿ ಯಾವ ದೋಷವೂ ಇಲ್ಲ, ಅಳತೆ ಮಾತ್ರ ಮೀರಿದೆ. ಭ್ರೂಣದ ಬೆಳವಣಿಗೆಯಲ್ಲಿ ಅಳತೆಗೂ ಹೊತ್ತಿಗೂ ಇರುವ ಬೆಲೆ ಬಹಳ ದೊಡ್ಡದು. ಮೆತ್ತೆಗಳು ಕೂಡಬೇಕಾದ ಅವಧಿ ಕೆಲವೇ ದಿನಗಳದ್ದು. ಜೀವಕೋಶಗಳು ಆ ದಿನಗಳಲ್ಲಿ ಸ್ವಲ್ಪ ನಿಧಾನವಾಗಿ ಹೆಚ್ಚಿದರೂ, ಸ್ವಲ್ಪ ಕಡಿಮೆ ಸಂಖ್ಯೆಯಲ್ಲಿ ಬಂದರೂ, ತುದಿಗಳು ಒಂದನ್ನೊಂದು ಮುಟ್ಟದೆ ಉಳಿಯಬಹುದು.

ಯಾವ ವಂಶವಾಹಿ ಎಂಬುದಕ್ಕೆ ಇಲಿಗಳಿಂದ ಬಹಳಷ್ಟು ತಿಳಿದುಬಂದಿದೆ. ನಮ್ಮ 21ನೆಯ ವರ್ಣತಂತುವಿನ ದೊಡ್ಡ ಭಾಗ ಇಲಿಯ 16ನೆಯ ವರ್ಣತಂತುವಿನಲ್ಲಿದೆ, ಆ ಭಾಗವನ್ನು ಮೂರು ಪ್ರತಿ ಮಾಡಿದ ಇಲಿಮರಿಗಳಲ್ಲಿ ಇದೇ ಬಗೆಯ ಹೃದಯದೋಷಗಳು ಕಾಣುತ್ತವೆ. 2006ರಲ್ಲಿ ಡಿವೈಆರ್‌ಕೆ1ಎ ಮತ್ತು ಆರ್‌ಕ್ಯಾನ್1 ಎಂಬ ಎರಡು ವಂಶವಾಹಿಗಳು ಜೊತೆಯಾಗಿ ಹೆಚ್ಚಿದರೆ, ಕವಾಟಗಳ ಬೆಳವಣಿಗೆಗೆ ಬೇಕಾದ ಎನ್‌ಫ್ಯಾಟ್ ಎಂಬ ಸಂಕೇತ ಕುಗ್ಗುತ್ತದೆ ಎಂದು ತೋರಿಸಲಾಯಿತು. 2024ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡಿವೈಆರ್‌ಕೆ1ಎಯ ಮೂರನೆಯ ಪ್ರತಿ ಇದ್ದಾಗ ಭ್ರೂಣದ ಹೃದಯದ ಜೀವಕೋಶಗಳು ನಿಧಾನವಾಗಿ ಹೆಚ್ಚುತ್ತವೆ, ಅವುಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳೂ ಸೊರಗುತ್ತವೆ. ದೋಷ ಉಂಟಾಗಲು ಈ ಪ್ರತಿ ಬೇಕೇ ಬೇಕು, ಆದರೆ ಅದರ ಜೊತೆಗೆ ಅದೇ ಭಾಗದ ಇನ್ನೊಂದು ವಂಶವಾಹಿಯೂ ಬೇಕು. ಗಬ್ಬದ ಇಲಿಗಳಿಗೆ ಡಿವೈಆರ್‌ಕೆ1ಎಯನ್ನು ತಡೆಯುವ ಔಷಧಿ ಕೊಟ್ಟಾಗ ಮರಿಗಳಲ್ಲಿ ದೋಷ ಸ್ವಲ್ಪಮಟ್ಟಿಗೆ ಕಡಿಮೆಯಾಯಿತು. ಇದು ಇಲಿಗಳ ಮಾತು. ಬಸುರಿಯರಿಗೆ ಕೊಡುವ ಮಾತ್ರೆ ಬಂದಿದೆ ಎಂದು ಯಾರೂ ತಿಳಿಯಬಾರದು. 2025ರಲ್ಲಿ ಎಚ್‌ಎಂಜಿಎನ್1 ಎಂಬ ಮತ್ತೊಂದು ವಂಶವಾಹಿಯ ಕಡೆಗೂ ಬೆಳಕು ಬಿದ್ದಿತು. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ದಾರಿಯಲ್ಲಿ ಇರಬೇಕಾದ ವಿಶಿಷ್ಟ ಸ್ನಾಯುಕೋಶಗಳು ಅದರ ಹೆಚ್ಚಳದಿಂದ ತಮ್ಮ ಗುಣ ಬಿಟ್ಟು ಹೃತ್ಕುಕ್ಷಿಯ ಕೋಶಗಳಂತೆ ವರ್ತಿಸತೊಡಗುತ್ತವೆ.

ಇನ್ನು ನಿಮ್ಮ ತಮ್ಮನ ಮಾತು. ಈ ಹೆಚ್ಚುವರಿ ಪ್ರತಿ ಕೆಲಸ ಮಾಡುವುದು ಉಳಿದ 22 ಜೋಡಿ ವರ್ಣತಂತುಗಳ ನಡುವೆ, ಅವು ಪ್ರತಿಯೊಬ್ಬರಲ್ಲಿಯೂ ಬೇರೆಬೇರೆ. ಉದಾಹರಣೆಗೆ ಮೂರನೆಯ ವರ್ಣತಂತುವಿನಲ್ಲಿರುವ ಕ್ರೆಲ್ಡ್1 ಎಂಬ ವಂಶವಾಹಿಯ ಅಪರೂಪದ ಬದಲಾವಣೆಗಳು ಎವಿ ಕೆನಾಲ್ ದೋಷವಿರುವ ಕೆಲವು ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಸಿಕ್ಕಿವೆ. ನಿಮ್ಮ ತಮ್ಮನಲ್ಲಿ ಮೆತ್ತೆಗಳು ಸರಿಯಾದ ಹೊತ್ತಿಗೆ ಕೂಡಿಕೊಂಡವು. ಆದರೂ ಅವನ ಥೈರಾಯ್ಡ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಮಾಡಿಸಿ. ಹೃದಯ ಚೆನ್ನಾಗಿದೆ ಎಂಬ ನೆಮ್ಮದಿಯಲ್ಲಿ ಅದು ಮರೆತುಹೋಗುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಪ್ರಶ್ನೆ: ಕೊಪ್ಪದಿಂದ ಬರೆಯುತ್ತಿದ್ದೇನೆ. ಮೊಮ್ಮಗುವಿಗೆ ಡೌನ್ ಸಿಂಡ್ರೋಮ್ ಇದೆ. ಮಗಳನ್ನು ನನ್ನ ತಮ್ಮನಿಗೇ ಕೊಟ್ಟು ಮದುವೆ ಮಾಡಿದ್ದೇವೆ, ಸಂಬಂಧದಲ್ಲಿ ಕೊಟ್ಟಿದ್ದೇ ತಪ್ಪಾಯಿತೇ? ಮುಂದಿನ ಮಗುವಿಗೂ ಹೀಗೆಯೇ ಆಗುವುದೇ?

ಉತ್ತರ: ಅಮ್ಮಾ, ಸಂಬಂಧದೊಳಗಿನ ಮದುವೆಯಿಂದ ಕೆಲವು ಬೇರೆ ಕಾಯಿಲೆಗಳ ಸಂಭವ ಹೆಚ್ಚುವುದು ನಿಜ, ಆದರೆ ಡೌನ್ ಸಿಂಡ್ರೋಮ್‌ಗೆ ಅದು ಕಾರಣವಲ್ಲ. ಮುಂದಿನ ಮಗುವಿನ ಬಗ್ಗೆ ಹೇಳಬೇಕಾದರೆ ಮೊಮ್ಮಗುವಿನ ಕ್ಯಾರಿಯೋಟೈಪ್ (ವರ್ಣತಂತುಗಳ ಪರೀಕ್ಷೆ) ವರದಿಯನ್ನು ನೋಡಬೇಕು. ನೂರರಲ್ಲಿ 95 ಮಕ್ಕಳಲ್ಲಿ ಮೂರನೆಯ ವರ್ಣತಂತು ಬಿಡಿಯಾಗಿರುತ್ತದೆ, ಅಂತಹ ಮನೆಯಲ್ಲಿ ಮತ್ತೆ ಹೀಗಾಗುವ ಸಂಭವ ಸುಮಾರು ನೂರಕ್ಕೆ ಒಂದು. ಕೆಲವು ಮಕ್ಕಳಲ್ಲಿ ಮಾತ್ರ ಅದು ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ವರದಿಯಲ್ಲಿ 'ಟ್ರಾನ್ಸ್‌ಲೊಕೇಶನ್' ಎಂದಿದ್ದರೆ ಮಗಳು, ಅಳಿಯ ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು, ಏಕೆಂದರೆ ಅವರಲ್ಲೊಬ್ಬರು ಅದನ್ನು ತೊಂದರೆಯಿಲ್ಲದೆ ಹೊತ್ತಿರಬಹುದು. ಮುಂದಿನ ಬಸಿರಿನಲ್ಲಿ 11ರಿಂದ 13 ವಾರಗಳ ಸ್ಕ್ಯಾನ್ ಮತ್ತು 18ರಿಂದ 22 ವಾರಗಳ ನಡುವೆ ಭ್ರೂಣದ ಹೃದಯದ ಎಕೋ ಮಾಡಿಸಿ.

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಆಶಾ ಕಾರ್ಯಕರ್ತೆ. ನಮ್ಮ ಊರಿನಲ್ಲಿ 20 ದಿನದ ಮಗುವಿಗೆ ಡೌನ್ ಸಿಂಡ್ರೋಮ್ ಇದೆ ಎಂದು ಹೆರಿಗೆಯಾದಲ್ಲಿಯೇ ಹೇಳಿದ್ದಾರೆ. ಮಗು ಹಾಲು ಕುಡಿಯುತ್ತದೆ, ಮೈ ನೀಲಿಯಾಗಿಲ್ಲ, ಸ್ಟೆತಾಸ್ಕೋಪ್ ಇಟ್ಟು ನೋಡಿದವರಿಗೂ ಹೃದಯದ ಯಾವ ಅಸಹಜ ಸದ್ದೂ ಕೇಳಿಸಿಲ್ಲ. ಮಳೆ ಜೋರಾಗಿದೆ, ಮನೆ ರಸ್ತೆಯಿಂದ ಒಳಗಿದೆ. ಎಕೋ ಮಾಡಿಸಲು ಮಳೆಗಾಲ ಮುಗಿದ ಮೇಲೆ ಹೋದರೆ ಆಗುತ್ತದೆಯೇ ಎಂದು ಮನೆಯವರು ಕೇಳುತ್ತಿದ್ದಾರೆ.

ಉತ್ತರ: ಆಗುವುದಿಲ್ಲ. ಈ ಪುಟದಲ್ಲಿ ನಾನು ಬರೆದ ಬೇರೆ ಯಾವುದನ್ನು ಮರೆತರೂ ಇದೊಂದನ್ನು ನೆನಪಿಡಬೇಕೆಂದು ಎಲ್ಲ ಆಶಾ ಕಾರ್ಯಕರ್ತೆಯರನ್ನು ಕೇಳಿಕೊಳ್ಳುತ್ತೇನೆ: ಡೌನ್ ಸಿಂಡ್ರೋಮ್ ಇರುವ ಪ್ರತಿ ಮಗುವಿಗೂ, ಸದ್ದು ಕೇಳಿಸಲಿ ಬಿಡಲಿ, ಹುಟ್ಟಿದ ಮೊದಲ ತಿಂಗಳಲ್ಲಿಯೇ ಎಕೋ ಆಗಬೇಕು.

ಸದ್ದು ಏಕೆ ಕೇಳಿಸುವುದಿಲ್ಲ ಎಂದು ನೀವು ಮನೆಯವರಿಗೆ ವಿವರಿಸಬೇಕಾಗುತ್ತದೆ. ಗರ್ಭದಲ್ಲಿ ಮಗುವಿನ ಶ್ವಾಸಕೋಶಕ್ಕೆ ಗಾಳಿಯಿಲ್ಲ, ಅಲ್ಲಿನ ರಕ್ತನಾಳಗಳು ಬಿಗಿಯಾಗಿರುತ್ತವೆ. ಹುಟ್ಟಿದ ಮೇಲೆ ಕೆಲವು ವಾರಗಳಲ್ಲಿ ಅವು ನಿಧಾನವಾಗಿ ಸಡಿಲಗೊಳ್ಳುತ್ತವೆ. ಸಡಿಲವಾಗುವ ತನಕ ಹೃದಯದ ಎರಡೂ ಪಕ್ಕದ ಒತ್ತಡ ಹೆಚ್ಚುಕಡಿಮೆ ಸಮನಾಗಿರುವುದರಿಂದ ಎಷ್ಟೇ ದೊಡ್ಡ ರಂಧ್ರವಿದ್ದರೂ ರಕ್ತ ಅದರ ಮೂಲಕ ರಭಸವಾಗಿ ನುಗ್ಗುವುದಿಲ್ಲ, ರಭಸವಿಲ್ಲದಲ್ಲಿ ಸದ್ದೂ ಇಲ್ಲ. ಸಡಿಲಗೊಂಡ ಮೇಲೆ ಎಡಪಕ್ಕದ ರಕ್ತ ಬಲಕ್ಕೆ ಹಾದು ಶ್ವಾಸಕೋಶಕ್ಕೆ ಪ್ರವಾಹದಂತೆ ನುಗ್ಗುತ್ತದೆ. ಒಂದೆರಡು ತಿಂಗಳಿಗೆ ಮಗು ಸೊರಗಲು ತೊಡಗುವುದು ಇದರಿಂದ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಈ ನಾಳಗಳು ಬಿಗಿಯಾಗಿಯೇ ಉಳಿಯುತ್ತವೆ. ಅಂತಹ ಮಗು ಸೊರಗುವುದಿಲ್ಲ, ಏದುಸಿರು ಬಿಡುವುದಿಲ್ಲ, ನೋಡಲು ಲಕ್ಷಣವಾಗಿಯೇ ಇರುತ್ತದೆ. ಒಳಗೆ ಮಾತ್ರ ಹೆಚ್ಚಿನ ಒತ್ತಡಕ್ಕೆ ಶ್ವಾಸಕೋಶದ ಸಣ್ಣ ನಾಳಗಳ ಗೋಡೆ ದಿನದಿನಕ್ಕೆ ದಪ್ಪವಾಗುತ್ತಿರುತ್ತದೆ. ಒಂದು ಹಂತ ದಾಟಿದ ಮೇಲೆ ಅದು ಹಿಂದಿರುಗುವುದಿಲ್ಲ, ಆಗ ರಂಧ್ರ ಮುಚ್ಚಿದರೆ ಮಗುವಿನ ಜೀವಕ್ಕೇ ಅಪಾಯ.

ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗಿಯನ್ನು ಕರೆತಂದಿದ್ದರು. ಮೆಟ್ಟಿಲು ಹತ್ತಿದರೆ ಕುಳಿತುಬಿಡುತ್ತಾಳೆ ಎಂಬುದಷ್ಟೇ ದೂರು. ಅವಳ ಕೈಯನ್ನು ನನ್ನ ಅಂಗೈ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಉಗುರುಗಳ ಬುಡ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿತ್ತು, ಬೆರಳ ತುದಿಗಳು ಗುಂಡಗೆ ಊದಿದ್ದವು. 'ಹುಟ್ಟಿದಾಗ ಚೆನ್ನಾಗಿದ್ದಳು, ಸದ್ದಿಲ್ಲ ಎಂದು ಹೇಳಿದ್ದರು, ಹಾಗಾಗಿ ಎಕೋ ಮಾಡಿಸಲಿಲ್ಲ' ಎಂದರು ತಾಯಿ. ಸರಿಪಡಿಸುವ ಕಾಲ ಮೂರೂವರೆ ವರ್ಷದ ಹಿಂದೆಯೇ ಮುಗಿದಿತ್ತು. ಆ ತಾಯಿಗೆ ಅದನ್ನು ಹೇಳಿದ ಮಧ್ಯಾಹ್ನ ನನಗೆ ಇಂದಿಗೂ ಮರೆತಿಲ್ಲ.

ನೀವು 42 ದಿನಗಳವರೆಗೆ ಮನೆಭೇಟಿಗೆ ಹೋಗುವಾಗ ಮಗು ಹಾಲು ಕುಡಿಯುವುದನ್ನು ಕುಳಿತು ನೋಡಿ. ನಾಲ್ಕು ಗುಟುಕು ಕುಡಿದು ಬಿಡುತ್ತದೆಯೇ, ಹಣೆಯ ಮೇಲೆ ಬೆವರಿನ ಸಣ್ಣ ಹನಿಗಳು ಮೂಡುತ್ತವೆಯೇ, ಉಸಿರಿಗೆ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆಯೇ ಗಮನಿಸಿ. ಸೆಕೆಗೆ ಬೆವರುತ್ತಿದೆ ಎಂದು ಅಜ್ಜಿಯರು ಹೇಳುವುದುಂಟು. ಶ್ರಾವಣದ ಮಳೆಯಲ್ಲಿ, ತಾಯಿ ಸ್ವೆಟರ್ ಹಾಕಿಕೊಂಡು ಕುಳಿತಿರುವಾಗ, ಮಗುವಿಗೆ ಮಾತ್ರ ಸೆಕೆಯಾಗಲು ಸಾಧ್ಯವಿಲ್ಲ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೊರಡಿಸಿ. ಯಾವುದೂ ಕಾಣದಿದ್ದರೆ ಈ ವಾರದೊಳಗೆ ಹೊರಡಿಸಿ.

ಡೌನ್ ಸಿಂಡ್ರೋಮ್ ಮತ್ತು ಜನ್ಮಜಾತ ಹೃದಯದೋಷ ಎರಡೂ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿವೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಂದ ಆ ಕಾರ್ಯಕ್ರಮದಡಿ ಚೀಟಿ ಬರೆಸಿಕೊಂಡು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕಳುಹಿಸಿ. ಎಕೋಗೆ ಸೂಜಿಯೂ ಇಲ್ಲ, ನೋವೂ ಇಲ್ಲ. ಎದೆಗೆ ಜೆಲ್ ಹಚ್ಚಿ ನೋಡುತ್ತಾರೆ ಅಷ್ಟೇ. ಅಲುಗಾಡದೆ ಮಲಗಿದರೆ ಚಿತ್ರ ಸ್ಪಷ್ಟವಾಗಿ ಬರುವುದರಿಂದ ಒಳಗೆ ಕರೆಯುವ ಸ್ವಲ್ಪ ಮೊದಲು ಮಗುವಿಗೆ ಹೊಟ್ಟೆತುಂಬ ಹಾಲು ಕುಡಿಸಿ ನಿದ್ದೆ ಹತ್ತಿಸುವಂತೆ ತಾಯಿಗೆ ಹೇಳಿ. ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ರೇಷನ್ ಕಾರ್ಡ್ ಮೂರನ್ನೂ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ.